ಹವಳ

ಹಳಗನ್ನಡದ ‘ಪವಳ’ವೇ ಇಂದಿನ ಹವಳ. ಪಾಲು ಹಾಲಾದಂತೆ, ಪೂವು ಹೂವಾದಂತೆ ಇದರ ಪಕಾರವೂ ಹಕಾರವಾಯಿತು. ಸಂಸ್ಕೃತದಲ್ಲಿ ಅದು ಪ್ರವಾಳ. ತಮಿಳು ಪಕಾರವನ್ನು ಬಿಡಲಿಲ್ಲ. ಅಲ್ಲಿ ಇಂದಿಗೂ ಪವಳಂ.

ಕನ್ನಡದ ಮನೆಗಳಲ್ಲಿ ಹವಳ ಕರಿಮಣಿಯ ಜೊತೆ ತಾಳಿಸರಕ್ಕೆ ಸೇರುತ್ತದೆ. ಜ್ಯೋತಿಷ್ಯದಲ್ಲಿ ಅದು ಕುಜನ ರತ್ನ, ಕಾವ್ಯದಲ್ಲಿ ತುಟಿಗೆ ಹೋಲಿಕೆ. ತಮಿಳರು ಪಾರಿಜಾತವನ್ನು ಪವಳಮಲ್ಲಿ ಎನ್ನುತ್ತಾರೆ. ಬೆಳಗ್ಗೆ ಅಂಗಳದಲ್ಲಿ ಉದುರಿದ ಹೂವನ್ನು ಬೋರಲು ಮಾಡಿದರೆ ಕಾರಣ ಕಾಣುತ್ತದೆ: ಎಸಳು ಬಿಳಿ, ತೊಟ್ಟು ಹವಳದ ಬಣ್ಣ.

ಚೆನ್ನೈನ ಜಾರ್ಜ್ ಟೌನಿನಲ್ಲಿ ಈ ಪದ ಒಂದು ಬೀದಿಯ ಹೆಸರಾಗಿದೆ: ಪವಳಕ್ಕಾರ ತೆರು. ಕನ್ನಡದಲ್ಲಿ ಹವಳಗಾರರ ಬೀದಿ ಎನ್ನಬಹುದು. ಆ ಹವಳ ಹತ್ತಿರದ ಕಡಲಿನದಲ್ಲ. ಮೆಡಿಟರೇನಿಯನ್ನಿನಲ್ಲಿ ಸಿಕ್ಕ ಕೆಂಪು ಹವಳ ಇಟಲಿಯ ಲಿವೋರ್ನೊ ಬಂದರಿನಿಂದ ಲಂಡನ್ನಿಗೆ, ಅಲ್ಲಿಂದ ಮದ್ರಾಸಿಗೆ ಬರುತ್ತಿತ್ತು. ಬದಲಿಗೆ ಗೋಲ್ಕೊಂಡದ ವಜ್ರ ಹೋಗುತ್ತಿತ್ತು. 17ನೆಯ ಶತಮಾನದ ಈ ವ್ಯಾಪಾರದಲ್ಲಿ ಯೆಹೂದಿಗಳದು ದೊಡ್ಡ ಪಾಲು. ದೂರದೂರದ ಬಂದರುಗಳಲ್ಲಿ ಕುಲಬಾಂಧವರಿದ್ದುದರಿಂದ ನಂಬಿಕೆಯ ಮೇಲೆ ಸರಕು ಸಾಗುತ್ತಿತ್ತು.

ಈ ವರ್ತಕರ ಹೆಸರುಗಳು ಪೋರ್ಚುಗೀಸರವು. 1497ರಲ್ಲಿ ಪೋರ್ಚುಗಲ್ಲಿನ ಯೆಹೂದಿಗಳನ್ನು ಬಲವಂತವಾಗಿ ಮತಾಂತರಿಸಲಾಗಿತ್ತು. ತಲೆಮಾರುಗಳ ನಂತರ ಆ ಸಂತತಿಯ ಅನೇಕರು ಲಂಡನ್, ಆಮ್‌ಸ್ಟರ್‌ಡ್ಯಾಮ್ ಸೇರಿ ಬಹಿರಂಗವಾಗಿ ಯೆಹೂದಿಗಳಾದರು. ಹೆಸರು ಮಾತ್ರ ಹಳೆಯದೇ ಉಳಿಯಿತು. ವಜ್ರದ ವರ್ತಕ ಜಾಕ್ ಡಿ ಪೈವಾ 1687ರಲ್ಲಿ ಮದ್ರಾಸಿನಲ್ಲೇ ತೀರಿಕೊಂಡ. ಮರುವರ್ಷ ಮದ್ರಾಸು ಕಾರ್ಪೊರೇಷನ್ ಆರಂಭವಾದಾಗ ಅದರ ಹಿರಿಯ ಸದಸ್ಯರಾದ ಆಲ್ಡರ್‌ಮನ್ನರ ಪೈಕಿ ಬಾರ್ತೊಲೊಮಿಯೊ ರೊಡ್ರಿಗಸ್ ಮೊದಲಾದ ಯೆಹೂದಿ ವರ್ತಕರಿದ್ದರು. ಯುರೋಪಿನ ಬಹುತೇಕ ನಗರಗಳಲ್ಲಿ ಅವರ ಜನಕ್ಕೆ ಆ ಕಾಲದಲ್ಲಿ ಇಂಥ ಸ್ಥಾನ ಸಿಗುತ್ತಿರಲಿಲ್ಲ.

1720ರ ದಶಕದಲ್ಲಿ ಬ್ರೆಜಿಲ್ಲಿನಲ್ಲಿ ವಜ್ರ ಸಿಕ್ಕಿ ಗೋಲ್ಕೊಂಡದ ಬೇಡಿಕೆ ಇಳಿಯಿತು. 18ನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಸಮುದಾಯವೂ ಕರಗಿತು. ಸ್ಥಳಾಂತರಗೊಂಡ ಕೆಲವು ಗೋರಿಕಲ್ಲುಗಳು ಲಾಯ್ಡ್ಸ್ ರಸ್ತೆಯ ಪುಟ್ಟ ಸ್ಮಶಾನದಲ್ಲಿವೆ.

ಬಳೆಪೇಟೆ, ಅಕ್ಕಿಪೇಟೆಗಳಿಗೆ ಬೆಂಗಳೂರು ಸರಕಿನಿಂದಲೇ ಹೆಸರಿಟ್ಟಿದೆ. ಮದ್ರಾಸೂ ಹಾಗೆಯೇ ಮಾಡಿತು: ಬಂದವರ ಮತವನ್ನಾಗಲಿ ನಾಡನ್ನಾಗಲಿ ಹಿಡಿಯದೆ, ಅವರು ತಂದ ಸರಕಿನಿಂದ ಅವರ ಬೀದಿಯನ್ನು ಕರೆಯಿತು. ಆ ಸರಕಿಗೆ ತಮಿಳಿನಲ್ಲಿ ಅವರಿಗಿಂತ ಮೊದಲೇ ಹೆಸರಿತ್ತು. ಹಾಗಾಗಿ ಅವರು ಹೋದ ಮೇಲೂ ಬೀದಿಯ ಹೆಸರು ಊರಿನ ಬಾಯಲ್ಲಿ ಉಳಿಯಿತು.