ತೆನೆಹಬ್ಬದ ಊಟದ ಬಣ್ಣಗಳು

ಹಬ್ಬದ ಮೇಜಿಗೆ ಯಾವ ಬಣ್ಣದ ಹಾಸು ಒಪ್ಪುವುದೆಂಬ ಚರ್ಚೆ ಇಂದು ನಮ್ಮ ಮನೆಗಳಲ್ಲಿ ನಡೆಯುತ್ತದೆ. ಕೆರಾಡಿಯ ಗದ್ದೆಗಳ ನಡುವೆ ಬಾಳುವ ನಮಗೆ ಹಿರಿಯರೇ ಉತ್ತರವಿತ್ತಿದ್ದಾರೆ. ಸೆಪ್ಟೆಂಬರ್ 8ರಂದು, ಕನ್ಯಾಮರಿಯಮ್ಮನವರ ಜನ್ಮೋತ್ಸವದ ದಿನ, ದೇವಾಲಯದಲ್ಲಿ ಆಶೀರ್ವದಿಸಿದ ಹೊಂಬಣ್ಣದ ತೆನೆ ಮನೆ ಸೇರುತ್ತದೆ. ಹಸಿರು ಬಾಳೆಯೆಲೆಯ ಮೇಲೆ ಶಾಕಾಹಾರದ ಊಟ. ಅದಕ್ಕೆ ಮೊದಲು ಹೊಸ ಅಕ್ಕಿ ಬೆರೆಸಿದ ಬಿಳಿಯ ಹಾಲು. ಅಂದು ಯಾಜಕರು ತೊಡುವ ಪೂಜಾವಸ್ತ್ರವೂ ಬಿಳಿಯೇ. ಬಲಿಪೀಠಕ್ಕೂ ಊಟದ ಪಂಕ್ತಿಗೂ ಒಂದೇ ಬಣ್ಣ.

ಈ ಪಂಕ್ತಿ ಒಮ್ಮೆ ಮುರಿದಿತ್ತು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. 1799ರಲ್ಲಿ ಅವನ ಪತನದ ಬಳಿಕ, ಬದುಕುಳಿದವರಲ್ಲಿ ಅನೇಕರು ಮರಳಿ ಬಂದು ಮತ್ತೆ ಗದ್ದೆ ಉತ್ತರು, ಎಲೆ ಹಾಸಿದರು. ಆದುದರಿಂದ ಮೇಜಿನ ಹಾಸು ಯಾವ ಬಣ್ಣದ್ದೇ ಇರಲಿ, ಅದರ ಮೇಲೊಂದು ಹಸಿರೆಲೆ, ಎಲೆಯ ಅಂಚಿನಲ್ಲೊಂದು ತೆನೆ ತಪ್ಪದಿರಲಿ.