ಪಾರ್ಕಿನ ಸುರಕ್ಷತೆ: ಬೇಲಿ ತೆಗೆದು ಬದುಕಿದ ಬ್ರಯಂಟ್ ಪಾರ್ಕ್

ಊರಿನ ಪಾರ್ಕಿನಲ್ಲಿ ಕಿರುಕುಳ, ಕಳ್ಳತನ, ಗಾಂಜಾ ಮಾರಾಟದ ದೂರು ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು ಎತ್ತರದ ಕಾಂಪೌಂಡು ಮತ್ತು ಒಬ್ಬ ಕಾವಲುಗಾರ. ಆದರೆ ಕೆಲವೊಮ್ಮೆ ಆ ಕಾಂಪೌಂಡೇ ತೊಂದರೆಯ ಮೂಲವಾಗಿರುತ್ತದೆ. ಜಾಗದ ರೂಪವನ್ನು ಬದಲಿಸಿ ಅಪರಾಧ ತಗ್ಗಿಸುವ ವಿಧಾನಕ್ಕೆ 'ಪರಿಸರ ವಿನ್ಯಾಸದ ಮೂಲಕ ಅಪರಾಧ ತಡೆ' ಎಂದು ಹೆಸರು. ಚಿಕ್ಕದಾಗಿ 'ಸೆಪ್ಟೆಡ್' ಎನ್ನುತ್ತಾರೆ. ಅಮೆರಿಕದ ಅಪರಾಧಶಾಸ್ತ್ರಜ್ಞ ಸಿ. ರೇ ಜೆಫ್ರಿ 1971ರ ತಮ್ಮ ಪುಸ್ತಕಕ್ಕೆ ಇದೇ ಹೆಸರಿಟ್ಟರು. ಅದಕ್ಕೂ ಹತ್ತು ವರ್ಷ ಮೊದಲು, 1961ರಲ್ಲಿ, ಜೇನ್ ಜೇಕಬ್ಸ್ ಅವರು ಬೀದಿಯನ್ನು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿಯವರ, ನಿವಾಸಿಗಳ, ದಾರಿಹೋಕರ ಕಣ್ಣುಗಳೇ ಕಾಯುತ್ತವೆ ಎಂದು ವಾದಿಸಿದ್ದರು.

ಇದಕ್ಕೆ ಒಳ್ಳೆಯ ಉದಾಹರಣೆ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಸಾರ್ವಜನಿಕ ಗ್ರಂಥಾಲಯದ ಹಿಂಬದಿಯಲ್ಲಿರುವ ಬ್ರಯಂಟ್ ಪಾರ್ಕ್. 1934ರಲ್ಲಿ ರಾಬರ್ಟ್ ಮೋಸೆಸ್ ಅವರ ಕಾಲದಲ್ಲಿ ಇದನ್ನು ಹೊಸದಾಗಿ ರೂಪಿಸಿದರು. ನಗರದ ಗದ್ದಲದಿಂದ ದೂರ, ಶಾಂತವಾದ ಒಂದು ತಾಣ ಬೇಕೆಂಬುದು ಉದ್ದೇಶ. ಅದಕ್ಕಾಗಿ ಪಾರ್ಕನ್ನು ರಸ್ತೆಯ ಮಟ್ಟಕ್ಕಿಂತ ಎತ್ತರಿಸಿ, ಸುತ್ತ ಕಬ್ಬಿಣದ ಬೇಲಿ ಹಾಕಿ, ಪೊದೆ ಬೆಳೆಸಿದರು. ಉದ್ದೇಶ ಒಳ್ಳೆಯದೇ. ಆದರೆ ರಸ್ತೆಯಲ್ಲಿ ಹೋಗುವವರಿಗೆ ಒಳಗೆ ಏನು ನಡೆಯುತ್ತಿದೆ ಎಂಬುದು ಕಾಣದಂತಾಯಿತು. ಒಳಗಿದ್ದವರಿಗೆ ಬೇಗ ಹೊರಬರುವ ದಾರಿಗಳೂ ಕಡಿಮೆ. 1970ರ ದಶಕದ ಹೊತ್ತಿಗೆ ಮಾದಕ ವಸ್ತು ಮಾರುವವರು ಅಲ್ಲಿ ಬೇರೂರಿದ್ದರು.

ಆಗ ಪಾರ್ಕನ್ನು ಪರಿಶೀಲಿಸಿದವರು ವಿಲಿಯಂ ಎಚ್. ವೈಟ್. ನಗರದ ಚಿಕ್ಕಪುಟ್ಟ ಬಯಲುಗಳಲ್ಲಿ ಜನ ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಎಂಬುದನ್ನು ಕ್ಯಾಮೆರಾ ಇಟ್ಟು ವರ್ಷಗಟ್ಟಲೆ ನೋಡಿದ ಮನುಷ್ಯ. ಜನ ಬರುವುದಿಲ್ಲ, ಆದ್ದರಿಂದಲೇ ಮಾರುವವರು ಬರುತ್ತಾರೆ ಎಂಬುದು ಅವರ ನಿದಾನ. ನಮ್ಮಲ್ಲಿ ಇದನ್ನು ತಿರುವುಮುರುವು ಹೇಳುವವರೇ ಹೆಚ್ಚು. ಇನ್ನೊಂದು ಅಳತೆಗೋಲನ್ನೂ ಅವರು ಕೊಟ್ಟರು: ಕೂರುವ ಜಾಗದ ವಿಷಯದಲ್ಲಿ ಹೆಂಗಸರು ಹೆಚ್ಚು ನೋಡಿ ಆರಿಸುತ್ತಾರೆ, ಹಾಗಾಗಿ ಒಂದು ತಾಣದಲ್ಲಿ ಅವರ ಪ್ರಮಾಣ ತೀರಾ ಕಡಿಮೆ ಇದ್ದರೆ ಅಲ್ಲಿ ಏನೋ ಕೆಟ್ಟಿದೆ ಎಂದರ್ಥ.

1988ರಲ್ಲಿ ಪಾರ್ಕು ಮುಚ್ಚಿ, 1992ರಲ್ಲಿ ಮತ್ತೆ ತೆರೆಯಿತು. ವಿನ್ಯಾಸಕಾರ ಲಾರಿ ಓಲಿನ್. ಪೊದೆಗಳನ್ನು ತೆಗೆದರು, ಪ್ರವೇಶಗಳನ್ನು ಅಗಲಿಸಿ ಹೆಚ್ಚಿಸಿದರು, ತಿಂಡಿ-ಕಾಫಿಯ ಗೂಡಂಗಡಿ ಬಂದವು. ಬೆಂಚುಗಳ ಜೊತೆಗೆ ಎತ್ತಿ ಸರಿಸಬಹುದಾದ ಹಗುರ ಕುರ್ಚಿಗಳನ್ನು ಹಾಕಿದರು. ವೈಟ್ ಗಮನಿಸಿದ್ದಂತೆ, ಜನ ಕೂರುವ ಮೊದಲು ಕುರ್ಚಿಯನ್ನು ಒಂದೆರಡು ಇಂಚಾದರೂ ಸರಿಸುತ್ತಾರೆ. ಜಾಗ ತಮ್ಮದು ಎನ್ನಿಸುವುದು ಅಲ್ಲಿಂದಲೇ. ಶೌಚಾಲಯವನ್ನೂ ದುರಸ್ತಿ ಮಾಡಿದರು. ಈಗ ಅದರೊಳಗೆ ತಾಜಾ ಹೂವು ಇಡುತ್ತಾರೆ! ಶೌಚಾಲಯವಿಲ್ಲದ ಪಾರ್ಕಿನಲ್ಲಿ ಹೆಂಗಸರು, ಮಕ್ಕಳು, ವಯಸ್ಸಾದವರು ಎಷ್ಟು ಹೊತ್ತು ಇದ್ದಾರು?

ಬಣ್ಣಿಸಿದಷ್ಟೇ ಇದಕ್ಕೆ ಟೀಕೆಯೂ ಇದೆ. ನಿರ್ವಹಣೆ ಖಾಸಗಿ ಸಂಸ್ಥೆಯ ಕೈಯಲ್ಲಿದೆ, ಸುತ್ತಲಿನ ಕಟ್ಟಡ ಮಾಲೀಕರು ಹಣ ಕೊಡುತ್ತಾರೆ; ಅಂಥ ಜೇಬು ಎಲ್ಲ ಊರಿಗೂ ಇಲ್ಲ. ಸೆಪ್ಟೆಡ್ ಹೆಸರಿನಲ್ಲಿ ಮಲಗಲಾಗದ ಬೆಂಚು ಹಾಕಿ ಬಡವರನ್ನು ಓಡಿಸುವುದೂ ಹಲವೆಡೆ ನಡೆದಿದೆ.

ವಿಯೆನ್ನಾದಲ್ಲಿ ಪ್ರಶ್ನೆ ಬೇರೆಯಾಗಿತ್ತು. 1990ರ ದಶಕದ ಮಧ್ಯಭಾಗದ ಅಧ್ಯಯನವೊಂದರಲ್ಲಿ, ಒಂಬತ್ತು ವರ್ಷ ದಾಟುತ್ತಲೇ ಹುಡುಗಿಯರು ಪಾರ್ಕಿಗೆ ಬರುವುದು ತೀರಾ ಇಳಿಯುತ್ತಿದ್ದುದು ಕಂಡಿತು. ಹುಡುಗರ ಸಂಖ್ಯೆ ಹಾಗೆ ಇಳಿದಿರಲಿಲ್ಲ. ಇರುವ ಒಂದು ಮೈದಾನವನ್ನು ಹುಡುಗರು ಹಿಡಿದರೆ ಹುಡುಗಿಯರು ಜಗಳಕ್ಕೆ ನಿಲ್ಲದೆ ಮನೆಗೆ ಹೋಗುತ್ತಿದ್ದರು. 1999ರಿಂದ ಎರಡು ಪಾರ್ಕುಗಳಲ್ಲಿ ಕಾಲುದಾರಿ ಹೆಚ್ಚಿಸಿ, ಬಯಲನ್ನು ಸಣ್ಣ ಭಾಗಗಳಾಗಿ ಒಡೆದು, ವಾಲಿಬಾಲ್, ಬ್ಯಾಡ್ಮಿಂಟನ್‌ಗೆ ಜಾಗ ಮಾಡಿದಾಗ ಅವರು ಮರಳಿದರು.

ನಮ್ಮ ಊರುಗಳಲ್ಲಿ, ಗಡಿಯ ಆಚೆ ಇರಲಿ ಈಚೆ ಇರಲಿ, ಪುರಸಭೆಗೆ ಅರ್ಜಿ ಕೊಡುವವರಿಗೆ ಕೆಲವು ಅಳತೆಗಳು ಉಪಯೋಗಕ್ಕೆ ಬರುತ್ತವೆ. ದಾರಿಯ ಪಕ್ಕದ ಗಿಡಗಳು ಸುಮಾರು 2 ಅಡಿಗಿಂತ ಎತ್ತರ ಬೆಳೆಯಬಾರದು, ಮರದ ಕೊಂಬೆಗಳು ಸುಮಾರು 7 ಅಡಿಗಿಂತ ಕೆಳಗೆ ಇಳಿಯಬಾರದು. ನಡುವೆ ಕಣ್ಣು ಹಾಯಬೇಕು. ಗೋಡೆಯ ಬದಲು ಸರಳಿನ ಬೇಲಿ ಇರಲಿ. ಗೇಟು ಒಂದೇ ಇದ್ದರೆ ಇನ್ನೊಂದು ಕೇಳಿ. ದೀಪದ ವಿಷಯದಲ್ಲಿ ಒಂದು ತಪ್ಪು ಸಾಮಾನ್ಯ: ಒಂದೇ ಕಂಬಕ್ಕೆ ಕಣ್ಣು ಕುಕ್ಕುವ ಹೈಮಾಸ್ಟ್ ಹಾಕಿ ಬಿಡುವುದು. ಆ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ಪಕ್ಕದ ನೆರಳಿನಲ್ಲಿ ನಿಂತವರು ಕಾಣುವುದೇ ಇಲ್ಲ. ದಾರಿಯುದ್ದಕ್ಕೂ ಸಮನಾಗಿ ಹರಡಿದ ಸಣ್ಣ ದೀಪಗಳು ಮೇಲು. ಮರದ ಕೊಂಬೆಯೊಳಗೆ ಸಿಕ್ಕಿಕೊಂಡ ದೀಪವಂತೂ ಬರೀ ಬಿಲ್ಲು ಏರಿಸುತ್ತದೆ.

ಅರ್ಜಿ ಬರೆಯುವ ಮೊದಲು ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ನಾಲ್ಕೈದು ಮಂದಿ, ಹೆಂಗಸರೇ ಹೆಚ್ಚಿರುವಂತೆ, ಪಾರ್ಕಿನ ಸುತ್ತ ನಡೆದು ಬನ್ನಿ. ಎಲ್ಲಿ ಹೆಜ್ಜೆ ಬಿರುಸಾಯಿತು, ಎಲ್ಲಿ ಹಿಂದೆ ತಿರುಗಿ ನೋಡಿದಿರಿ, ಬರೆದುಕೊಳ್ಳಿ. 2013ರಲ್ಲಿ ಬಂದ 'ಸೇಫ್ಟಿಪಿನ್' ಆ್ಯಪ್ ಮಾಡಿದ್ದೂ ಹೀಗೆಯೇ: ಬೆಳಕು, ಬಯಲು, ಸುತ್ತಲಿನ ಕಣ್ಣು, ಜನಸಂಚಾರ, ಹೆಂಗಸರ ಸಂಖ್ಯೆ ಇವಕ್ಕೆ ಅಂಕ ಕೊಡುವುದು. ಪಟ್ಟಿ ಕೈಗೆ ಬಂದರೆ ಮೊದಲು ಪೊದೆ ಕತ್ತರಿಸುವುದನ್ನೇ ಕೇಳಿ. ಅದಕ್ಕೆ ಟೆಂಡರು ಬೇಕಾಗುವುದಿಲ್ಲ.