ಗಣಿಯ ಗಾಳಿ: ಹಲವು ಫ್ಯಾನ್‌ಗಳು ಕೂಡಿದಾಗ

ಗಣಿ, ಸುರಂಗ ಹಾಗೂ ಕಾರ್ಖಾನೆಗಳಿಗೆ ಶುದ್ಧ ಗಾಳಿಯನ್ನು ಒದಗಿಸಿ, ಕೆಟ್ಟ ಗಾಳಿಯನ್ನು ಹೊರಹಾಕುವ ಏರ್ಪಾಡಿಗೆ ವಾತಾಯನ ವ್ಯವಸ್ಥೆ ಎನ್ನುತ್ತಾರೆ. ಒಂದು ಫ್ಯಾನ್ ಸಾಲದಾದಾಗ ಇನ್ನೊಂದನ್ನು ಸೇರಿಸುವುದು ವಾಡಿಕೆ. ಆದರೆ ಫ್ಯಾನ್ ಎರಡಾದ ಮಾತ್ರಕ್ಕೆ ಗಾಳಿ ಇಮ್ಮಡಿಯಾಗುವುದಿಲ್ಲ. ಕೆಲವೊಮ್ಮೆ ಒಂದು ಇನ್ನೊಂದರ ಕೆಲಸವನ್ನೇ ಕೆಡಿಸುತ್ತದೆ.

ಕೋಲಾರದ ಆಳ

2001ರ ಫೆಬ್ರವರಿ 28ರಂದು ಮುಚ್ಚಿದ ಕೋಲಾರ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಶಾಫ್ಟಿನಲ್ಲಿ ಇಳಿಯುವ ಒಣಗಾಳಿಯೂ ತನ್ನ ಭಾರಕ್ಕೆ ಒತ್ತಲ್ಪಟ್ಟು ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಇಷ್ಟು ಆಳದಲ್ಲಿ ಗಾಳಿಯ ಹರಿವು ತಗ್ಗಿದರೆ ಬಿಸಿ, ಸಿಡಿಮದ್ದಿನ ಹೊಗೆ ಮತ್ತು ಶ್ವಾಸಕೋಶ ಕೆಡಿಸುವ ಸಿಲಿಕಾ ಧೂಳು ಕಾರ್ಮಿಕರ ಜೀವಕ್ಕೆ ಎರವಾಗುತ್ತವೆ. ರಾಯಚೂರು ಜಿಲ್ಲೆಯ ಹಟ್ಟಿಯೂ ಸೇರಿದಂತೆ ಯಾವುದೇ ಭೂಗತ ಗಣಿಗೆ ಈ ಮಾತು ಅನ್ವಯಿಸುತ್ತದೆ.

ಮೂಲ ನಿಯಮ

ಒಂದೇ ದಾರಿಯಲ್ಲಿ ಇಮ್ಮಡಿ ಗಾಳಿ ಹರಿಸಲು ನಾಲ್ಕು ಪಟ್ಟು ಒತ್ತಡ ಹಾಗೂ ಎಂಟು ಪಟ್ಟು ಶಕ್ತಿ ಬೇಕು. ಫ್ಯಾನ್‌ಗಳ ಜೋಡಣೆ ಈ ನಿಯಮವನ್ನು ಮೀರಲಾರದು.

ಫ್ಯಾನ್‌ಗಳನ್ನು ಒಂದರ ಹಿಂದೆ ಒಂದರಂತೆ ಇಟ್ಟರೆ ಅದು ಸರಣಿ ಜೋಡಣೆ. ಇಲ್ಲಿ ಒತ್ತಡಗಳು ಕೂಡುತ್ತವೆ. ಅಕ್ಕಪಕ್ಕದಲ್ಲಿ ಇಟ್ಟರೆ ಸಮಾಂತರ ಜೋಡಣೆ. ಇಲ್ಲಿ ಹರಿವುಗಳು ಕೂಡುತ್ತವೆ.

ಲೆಕ್ಕಕ್ಕಾಗಿ ಒಂದೇ ಬಗೆಯ ಎರಡು ಫ್ಯಾನ್‌ಗಳನ್ನು ಊಹಿಸಿಕೊಳ್ಳಬಹುದು. ಅಗಲವಾದ, ತಡೆ ಕಡಿಮೆಯಿರುವ ದಾರಿಯಲ್ಲಿ ಒಂದು ಫ್ಯಾನ್ ಸೆಕೆಂಡಿಗೆ 63 ಘನ ಮೀಟರ್ ಗಾಳಿ ಹರಿಸಿದರೆ, ಎರಡು ಸಮಾಂತರವಾಗಿ 100, ಸರಣಿಯಲ್ಲಿ 67 ಮಾತ್ರ ಹರಿಸುತ್ತವೆ. ತಡೆ 16 ಪಟ್ಟು ಹೆಚ್ಚಾದಾಗ ಒಂದೇ ಫ್ಯಾನ್ 32, ಸಮಾಂತರ ಜೋಡಿ 34, ಸರಣಿ ಜೋಡಿ 41 ಘನ ಮೀಟರ್ ನೀಡುತ್ತವೆ. ಇಕ್ಕಟ್ಟಾದ ದಾರಿಗೆ ಸಮಾಂತರ ಫ್ಯಾನ್ ಸೇರಿಸುವುದು ಬಹುತೇಕ ವ್ಯರ್ಥ ವೆಚ್ಚ.

ಅಪಾಯಗಳು

ಸಮಾಂತರ ಜೋಡಣೆಯಲ್ಲಿ ಒಂದು ಫ್ಯಾನ್ ನಿಂತರೆ, ಇನ್ನೊಂದು ಅದರ ಮೂಲಕವೇ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಿಂತ ಫ್ಯಾನ್ ಹಿಮ್ಮುಖವಾಗಿ ತಿರುಗುತ್ತದೆ, ಗಣಿಯ ಒಳಗಿನ ಗಾಳಿ ಕುಸಿಯುತ್ತದೆ. ಇದನ್ನು ತಡೆಯಲು ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಅಗತ್ಯ. ಸಾಮರ್ಥ್ಯದಲ್ಲಿ ಅಸಮವಾದ ಫ್ಯಾನ್‌ಗಳನ್ನು ಜೋಡಿಸಿದರೆ ದುರ್ಬಲವಾದದ್ದು ಅಸ್ಥಿರವಾಗಿ, ಕಂಪಿಸಿ, ಹಾಳಾಗುವ ಸಂಭವವುಂಟು.

ಒಳಗೆ ಇರಿಸಿದ ಸಹಾಯಕ ಫ್ಯಾನ್, ತನಗೆ ಬರುವ ಗಾಳಿಗಿಂತ ಹೆಚ್ಚನ್ನು ಎಳೆದರೆ ಬಳಸಿದ ಗಾಳಿಯೇ ಮರಳಿ ಸುತ್ತುತ್ತದೆ. ಫ್ಯಾನ್ ಸದ್ದು ಕೇಳುತ್ತಿದ್ದರೂ ಕಾರ್ಮಿಕರಿಗೆ ದೊರೆಯುವುದು ಹೊಗೆಯೇ. ಮುಖ್ಯ ಫ್ಯಾನ್ ನಿಂತಾಗ ಈ ಅಪಾಯ ಇನ್ನಷ್ಟು ಹೆಚ್ಚುತ್ತದೆ.

ಆದ್ದರಿಂದ ಹೊಸ ಫ್ಯಾನ್ ಕೊಳ್ಳುವ ಮೊದಲು ದಾರಿಯ ತಡೆಯನ್ನು ಅಳೆಯಬೇಕು, ಕುಸಿದ ಕಲ್ಲು ತೆಗೆದು ಸೋರುವ ಬಾಗಿಲುಗಳನ್ನು ಸರಿಪಡಿಸಬೇಕು. ಕೋಳಿ ಶೆಡ್ಡು, ಗಿರಣಿ, ಗೋದಾಮುಗಳಲ್ಲಿ ಫ್ಯಾನ್ ಹೆಚ್ಚಿಸುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ: ಗಾಳಿ ಒಳಬರುವ ಕಿಂಡಿ ಸಾಲದಿದ್ದರೆ, ಎಷ್ಟು ಫ್ಯಾನ್ ಕೂಡಿಸಿದರೂ ಏರುವುದು ವಿದ್ಯುತ್ ಬಿಲ್ಲು ಮಾತ್ರ.